ಬಂಗಾರದ ಗಣಿಯಲ್ಲಿ ಎರಡು ತಿಂಗಳ ಮೌನ



ನಮ್ಮ ಸಾವಳಗಿ ಸೀಮೆಯಲ್ಲಿ ಕೊಳವೆಬಾವಿ ಕೊರೆಸಿದವರಿಗೆ ಒಂದು ಸಂಕಟ ಚೆನ್ನಾಗಿ ಗೊತ್ತು. ಅಡಿಗಿಷ್ಟು ಎಂದು ದುಡ್ಡು ಎಣಿಸುತ್ತ ಹೋಗಿ, ಕೊನೆಗೆ ಬರಿ ಧೂಳು ಬಂದರೆ ಆ ವರ್ಷದ ಕಬ್ಬಿನ ಬಿಲ್ಲೆಲ್ಲ ಮಣ್ಣುಪಾಲು. ಅಂಥವರ ಮುಂದೆ, ಕಣ್ಣಿಗೆ ಕಾಣದ ಕಣವನ್ನು ಹುಡುಕಲು ಸಾವಿರಾರು ಕೋಟಿ ಬೇಕು ಎಂದರೆ ‘ಇದರಿಂದ ನಮಗೇನ ಬರತೈತ್ರಿ?’ ಎಂದು ಕೇಳುವುದು ನ್ಯಾಯವೇ. ಅದಕ್ಕೆ ನಮ್ಮದೇ ರಾಜ್ಯದ ಗಣಿಯ ಕಥೆ ಹೇಳುತ್ತೇನೆ.

ನಂಜನಗೂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ, ಹೋಮಿ ಭಾಭಾ ಅವರ ಸೂಚನೆಯಂತೆ ಕೋಲಾರದ ಚಿನ್ನದ ಗಣಿಗೆ ಇಳಿದರು. ಆಕಾಶದಿಂದ ಹಗಲಿರುಳು ಸುರಿಯುವ ವಿಶ್ವಕಿರಣಗಳು ನೆಲದೊಳಗೆ ಎಷ್ಟು ಆಳ ಹೋಗುತ್ತವೆಂದು ಅಳೆಯುವುದು ಅವರ ಕೆಲಸ. ಮುಂದೆ ಅವರ ಸಂಸ್ಥೆಯಾದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಎರಡೂಮುಕ್ಕಾಲು ಕಿಲೋಮೀಟರ್ ಆಳಕ್ಕೂ ಉಪಕರಣ ಒಯ್ದರು. ಸುಮಾರು ಎರಡು ತಿಂಗಳು ಕಾದರೂ ಅದು ಒಮ್ಮೆಯೂ ಮಿಡಿಯಲಿಲ್ಲ.

ಕೊಳವೆಬಾವಿಯಲ್ಲಿ ಹೀಗಾದರೆ ದಿವಾಳಿ. ಇವರಿಗೆ ಮಾತ್ರ ಅದು ನೀರು ಚಿಮ್ಮಿದಂತೆ! ವಿಶ್ವಕಿರಣಗಳು ಬಹುತೇಕ ತಲುಪದ ಅಷ್ಟು ನಿಶ್ಶಬ್ದವಾದ ಜಾಗದಲ್ಲಿ, ಇಡೀ ಭೂಮಿಯನ್ನೇ ಹಾಯ್ದು ಬರಬಲ್ಲ ನ್ಯೂಟ್ರಿನೊ ಎಂಬ ಕಣದ ಸುಳಿವನ್ನು ಬೇರೆ ಕಣಗಳ ಸುಳಿವಿನಿಂದ ಬೇರ್ಪಡಿಸಿ ಗುರುತಿಸಬಹುದು. 1965ರಲ್ಲಿ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ಜೊತೆಗೂಡಿ, 2.3 ಕಿಲೋಮೀಟರ್ ಆಳದಲ್ಲಿ ಆ ಸುಳಿವು ಹಿಡಿದೇಬಿಟ್ಟರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಸಿಕ್ಕ ಮೊದಲ ವರದಿಗಳಲ್ಲಿ ಅದೊಂದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದೇ ವರ್ಷ ಅದು ಸಿಕ್ಕಿತು.

ಕೋಲಾರದ ಆ ಆಳ ವಿಜ್ಞಾನಿಗಳು ತೋಡಿದ್ದಲ್ಲ, ಗಣಿ ಕಾರ್ಮಿಕರ ದುಡಿಮೆಯದು. ಆದ್ದರಿಂದಲೇ ಬಡ ದೇಶವೊಂದು ಅಷ್ಟು ಮುಂದೆ ಹೋಗಲು ಸಾಧ್ಯವಾಯಿತು. 1992ರ ಹೊತ್ತಿಗೆ ಅಲ್ಲಿಯ ಪ್ರಯೋಗಗಳು ನಿಂತವು, 2001ರಲ್ಲಿ ಗಣಿಯೇ ಮುಚ್ಚಿತು, ಆಳಕ್ಕೆ ನೀರು ತುಂಬಿತು. ಜಪಾನಿನವರು ಕಾಮಿಯೋಕಾ ಎಂಬ ತಮ್ಮ ಗಣಿಯನ್ನು ಕೈಬಿಡಲಿಲ್ಲ. ಅದರೊಳಗೆ 50,000 ಟನ್ ನೀರಿನ ತೊಟ್ಟಿ ಕಟ್ಟಿ, 1998ರಲ್ಲಿ ವಾತಾವರಣದಲ್ಲಿ ಹುಟ್ಟುವ ಅದೇ ಬಗೆಯ ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುವುದನ್ನು ಕಂಡರು. ಅವಕ್ಕೆ ತೂಕವಿದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಆ ಕೆಲಸಕ್ಕಾಗಿ 2015ರಲ್ಲಿ ತಕಾಕಿ ಕಾಜಿತಾ ಅವರಿಗೆ ನೊಬೆಲ್ ಬಂತು. ಕಳೆದುಕೊಂಡ ಆಳಕ್ಕೆ ಎಷ್ಟು ಬೆಲೆ ಕಟ್ಟೋಣ? ಖರ್ಚಿನ ಚರ್ಚೆಯಲ್ಲಿ ಈ ಕಲಂ ಯಾರೂ ಬರೆಯುವುದಿಲ್ಲ. ನನಗೆ ನೋವಾಗುವುದು ಅಲ್ಲಿ.

ಅದೇ 2015ರಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದಡಿ ಹೊಸ ನ್ಯೂಟ್ರಿನೊ ಕೇಂದ್ರಕ್ಕೆ ಕೇಂದ್ರ ಸಚಿವ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿತು. ದೇಶದ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ 11 ರೂಪಾಯಿ. ವರ್ಷಕ್ಕಲ್ಲ, ಒಂದೇ ಸಲ. ನನ್ನ ಮಟ್ಟಿಗೆ ಅದು ದುಬಾರಿಯಲ್ಲ. ನ್ಯೂಟ್ರಿನೊದಿಂದ ನಾಳೆಯೇ ಹೊಲಕ್ಕೆ ನೀರು ಬರುತ್ತದೆಂದು ಸುಳ್ಳು ಹೇಳಲಾರೆ. ಜಗತ್ತು ಯಾವುದರಿಂದ ಆಗಿದೆ ಎಂದು ತಿಳಿಯುವುದಕ್ಕೇ ಆ ಹಣ ಸಲ್ಲುತ್ತದೆ.

ಆದರೂ ಬೆಟ್ಟ ಕೊರೆದರೆ ಕಾಡಿಗೆ, ನೀರಿಗೆ ಏನಾದೀತೆಂದು ಅಲ್ಲಿಯವರು ಹೆದರಿದರು. ರಾಜ್ಯ ಸರಕಾರವೂ ವಿರೋಧಿಸಿತು. ಆ ಭಯವನ್ನು ಅಜ್ಞಾನವೆಂದು ತಳ್ಳಬಾರದು. ಜನರಿಗೆ ಮೊದಲೇ ತಿಳಿಸಿದರೆ ಏನಾದೀತೆಂಬುದಕ್ಕೆ ನಮ್ಮ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯನ್ನೇ ನೋಡಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ವಂತಿಗೆ ಹಾಕಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಯಾತಕ್ಕೆ ಕಟ್ಟುತ್ತಿದ್ದೇವೆಂದು ಪ್ರತಿ ಮನೆಗೂ ಗೊತ್ತಿತ್ತು. ತೇನಿಯ ಹಳ್ಳಿಗಳಿಗೂ ಯಂತ್ರಕ್ಕಿಂತ ಮೊದಲು ವಿಜ್ಞಾನಿಗಳು ಹೋಗಿ, ತೆಗೆದ ಕಲ್ಲು ಎಲ್ಲಿ ಹಾಕುತ್ತೇವೆ, ನೀರು ಎಷ್ಟು ಬಳಸುತ್ತೇವೆ ಎಂದು ಅವರ ಭಾಷೆಯಲ್ಲೇ, ಕಟ್ಟೆಯ ಮೇಲೆ ಕೂತು ಹೇಳಬೇಕು. ಆ ಖರ್ಚನ್ನೂ 1,500 ಕೋಟಿಯೊಳಗೇ ಬರೆಯಲಿ.