ನೀರು ಕೇಳಿದಲ್ಲಿಂದ ಶುರುವಾದ ಮಾತು



ಈ ವಿಚಾರ ಸಂಕಿರಣಕ್ಕೆ ‘ದಿನನಿತ್ಯದ ಮಾತುಕತೆಯಲ್ಲಿ ಕ್ರಿಸ್ತಸಾಕ್ಷಿ’ ಎಂಬ ವಿಷಯ ಇಟ್ಟುಕೊಂಡಿದ್ದೀರಿ. ನಮ್ಮಲ್ಲಿ ಇದಕ್ಕೆ ತರಬೇತಿ ಅಂದರೆ ಒಂದಷ್ಟು ವಚನ ಬಾಯಿಪಾಠ ಮಾಡಿಸುವುದು, ಆಕ್ಷೇಪಣೆಗಳಿಗೆ ಸಿದ್ಧ ಉತ್ತರ ಬರೆಸುವುದು, ಕೊನೆಗೆ ಕರಪತ್ರದ ಕಟ್ಟು ಕೈಗಿಡುವುದು. ಇದರಿಂದ ಭಾಷಣಕಾರರು ತಯಾರಾಗುತ್ತಾರೆ. ಪಕ್ಕದ ಮನೆಯವರ ಜೊತೆ ಕೂತು ಮಾತಾಡಬಲ್ಲವರು ತಯಾರಾಗುವುದಿಲ್ಲ. ನನ್ನ ತಕರಾರು ಇಷ್ಟೇ.

ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ನಿಮಗೆಲ್ಲ ಗೊತ್ತು. ಆದರೂ ಅದನ್ನು ಮಾತುಕತೆಯ ಪಾಠವಾಗಿ ಇನ್ನೊಮ್ಮೆ ಓದಿ. ನಡುಮಧ್ಯಾಹ್ನ, ನಡೆದು ದಣಿದ ಯೇಸು ಬಾವಿಯ ಬಳಿ ಕೂತಿದ್ದಾರೆ. ನೀರು ಸೇದಲು ಕೈಯಲ್ಲಿ ಏನೂ ಇಲ್ಲ. ಸಮಾರ್ಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳುತ್ತಾರೆ. ಕೊಡುವ ಸ್ಥಾನದಲ್ಲಿ ಆಕೆ, ಬೇಡುವ ಸ್ಥಾನದಲ್ಲಿ ಅವರು. ಆಕೆ ಸುಮ್ಮನಿರುವವಳಲ್ಲ: ಯೆಹೂದ್ಯನಾದ ನೀನು ನನ್ನ ಕೈಯ ನೀರು ಹೇಗೆ ಕೇಳುತ್ತೀ ಎನ್ನುತ್ತಾಳೆ, ಬಾವಿಯ ಆಳದ ಮಾತೆತ್ತುತ್ತಾಳೆ, ಪಿತೃ ಯಾಕೋಬನನ್ನು ನೆನೆಯುತ್ತಾಳೆ, ಆರಾಧನೆ ಯಾವ ಬೆಟ್ಟದ ಮೇಲೆ ಎಂದು ಕೆಣಕುತ್ತಾಳೆ. ಯಾವ ಪ್ರಶ್ನೆಯನ್ನೂ ಯೇಸು ಅಪ್ರಸ್ತುತವೆಂದು ತಳ್ಳಿಹಾಕುವುದಿಲ್ಲ. ಆಮೇಲೆ ಆಕೆ ಕೊಡ ಅಲ್ಲೇ ಬಿಟ್ಟು ಊರಿಗೆ ಹೋಗಿ ಹೇಳಿದ್ದಾದರೂ ಏನು? ಸಿದ್ಧಾಂತವಲ್ಲ; ಬಂದು ನೋಡಿ, ಅವನೇ ಕ್ರಿಸ್ತನಿರಬಹುದೇ ಎಂಬ ಪ್ರಶ್ನೆ. ಅದೇ ಊರಿಗೆ ಹೋಗಿದ್ದ ಶಿಷ್ಯರು ಊಟ ಕೊಂಡು ತಂದರು. ಅವರು ಯಾರನ್ನಾದರೂ ಕರೆತಂದರೆಂದು ಯೋಹಾನ ಬರೆದಿಲ್ಲ!

ನಮ್ಮ ನೆಲಕ್ಕೆ ಹತ್ತಿರದ ಉದಾಹರಣೆ ಮರಾಠಿ ಕವಿ ನಾರಾಯಣ ವಾಮನ ತಿಲಕರದು. 1893ರಲ್ಲಿ ರೈಲಿನಲ್ಲಿ ಹೋಗುವಾಗ ಎದುರಿಗೆ ಕೂತಿದ್ದ ಯುರೋಪಿಯನ್ ಒಬ್ಬರು ತಿಲಕರೊಂದಿಗೆ ಸಂಸ್ಕೃತ ಕಾವ್ಯದ ಬಗ್ಗೆ ಮಾತು ತೆಗೆದರಂತೆ. ಆಮೇಲೆ ಹೊಸ ಒಡಂಬಡಿಕೆಯ ಒಂದು ಪ್ರತಿ ಕೊಟ್ಟರು. ತಿಲಕರನ್ನು ಹಿಡಿದು ನಿಲ್ಲಿಸಿದ್ದು ಅದರೊಳಗಿನ ಪರ್ವತ ಪ್ರಸಂಗ. 1895ರಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಸಭೆಗಳಲ್ಲಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಹಾಗೆ ನಿಲ್ಲಿಸಬಾರದು. ಅವರ ಪತ್ನಿ ಲಕ್ಷ್ಮೀಬಾಯಿ ‘ಸ್ಮೃತಿಚಿತ್ರೆ’ಯಲ್ಲಿ ಆ ದಿನಗಳ ಸಂಕಟವನ್ನು, ಗಂಡ ಹೆಂಡತಿ ವರ್ಷಗಟ್ಟಲೆ ದೂರವಿದ್ದುದನ್ನು ಬರೆದಿದ್ದಾರೆ. ಮುಂದೆ ಆಕೆ ವಿಶ್ವಾಸಕ್ಕೆ ಬಂದದ್ದು ತನ್ನದೇ ತೀರ್ಮಾನದಿಂದ, ತನ್ನದೇ ಸಮಯದಲ್ಲಿ. ನಮ್ಮ ಒಂದು ಮಾತು ಇನ್ನೊಬ್ಬರ ಮನೆಯೊಳಗೆ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಬೇಕಾದವರು ಆ ಪುಸ್ತಕ ಓದಲೇಬೇಕು.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹರಿದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಅಚ್ಚು ಹಾಕಿಸಿದರು. ಸಾರಲು ಬಂದವರು ಇಲ್ಲಿಯವರ ಹಾಡಿಗೆ ಕಿವಿಗೊಟ್ಟರು. ಇಲ್ಲೇ ಹುಟ್ಟಿ ಬೆಳೆದ ನಮ್ಮಲ್ಲಿ ಎಷ್ಟು ಜನರಿಗೆ ನೆರೆಯವರ ಭಕ್ತಿಯ ಪರಿಚಯವಿದೆ? ಅಮೆರಿಕದ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ತಮ್ಮ ದುಂಡುಮೇಜಿನ ಕೂಟಗಳಲ್ಲಿ ಹಲವು ಧರ್ಮದವರನ್ನು ಕೂರಿಸಿ, ವಾದ ಬೇಡ, ನಿಮ್ಮ ಧರ್ಮ ನಿಮ್ಮ ಬದುಕಿಗೆ ಏನು ಕೊಟ್ಟಿದೆ ಹೇಳಿ ಎಂದು ಕೇಳುತ್ತಿದ್ದರು. ಈ ಪದ್ಧತಿಯನ್ನು ನಾವು ಕೈಬಿಟ್ಟದ್ದು ನಷ್ಟವೇ.

ಕಾನೂನಿನ ಮಾತನ್ನೂ ಮುಚ್ಚಿಡುವುದು ಬೇಡ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನ್ನ ಧರ್ಮದ ತತ್ವಗಳನ್ನು ತಿಳಿಸಿ ಹೇಳಬಹುದು, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು. ಈ ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿಯ ತಟ್ಟೆ ಹಿಡಿದು ಹೋದಾಗ ಪಕ್ಕದ ಮನೆಯಾಕೆ, “ಮಗ ಆಸ್ಪತ್ರೆಯಲ್ಲಿದ್ದಾಗ ಅಷ್ಟು ಧೈರ್ಯವಾಗಿ ಹೇಗಿದ್ರಿ?” ಎಂದು ಕೇಳಿದರೆ, ಉಳ್ಳದ್ದನ್ನು ಉಳ್ಳ ಹಾಗೆ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅಳು ಬಂದಿದ್ದರೆ ಅದನ್ನೂ ಹೇಳಬೇಕು. ಆಕೆ ಮಾತು ಬದಲಿಸಿದರೆ ನಾವೂ ಬದಲಿಸಬೇಕು. ತಟ್ಟೆ ಹಿಂದಕ್ಕೆ ಕೇಳುವುದಿಲ್ಲವಲ್ಲ.

ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. ಗೆದ್ದ ಮಾತುಗಳನ್ನಷ್ಟೇ ತರಬೇಡಿ. ಎದುರಿನವರು ‘ಬೇಡ’ ಎಂದ ಮೇಲೂ ಸ್ನೇಹ ಉಳಿದ ಪ್ರಸಂಗಗಳನ್ನು, ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈ ಸಭೆಯ ಮುಂದಿಡಿ.