ಲಂಗರು ಹಾಕಿದ ರಾತ್ರಿ

(ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ಪ್ರಬೋಧನೆ)



ಜೂನ್ 29 ಎಂದರೆ ನಮ್ಮ ಕಳಸ, ಸಂಸೆ, ಕುದುರೆಮುಖದ ಕಡೆ ಮಳೆ ಹಿಡಿದು ಕೂತ ಕಾಲ. ತೋಟಕ್ಕೆ ಇಳಿಯುವಂತಿಲ್ಲ, ಕರೆಂಟಿನ ನಂಬಿಕೆಯಿಲ್ಲ. ಇಂಥ ದಿನ ನಾವು ಇಬ್ಬರು ಪ್ರೇಷಿತರನ್ನು ಸ್ಮರಿಸುತ್ತೇವೆ. ಒಬ್ಬರು ಮೀನುಗಾರರು, ಇನ್ನೊಬ್ಬರು ಹಡಗು ಹತ್ತಿ ಊರೂರು ಸುತ್ತಿದವರು.

ಬೆಟ್ಟದವರಾದ ನಮಗೆ ಹಡಗಿನ ಮಾತೇಕೆ ಎನ್ನಬೇಡಿ. ಅರಬ್ಬೀ ಕಡಲಿನ ನಾವಿಕರಿಗೆ ನಮ್ಮ ಈ ಕುದುರೆಯ ಮುಖದ ಶಿಖರವೇ ದಾರಿಗುರುತಾಗಿತ್ತು. ಗಣಿ ನಿಂತ 2005ರ ಡಿಸೆಂಬರ್ 31ರವರೆಗೆ ಇಲ್ಲಿನ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಇಳಿದು ಮಂಗಳೂರು ಸೇರಿ ಹಡಗು ಏರುತ್ತಿತ್ತು. ಅದಕ್ಕೂ ಬಹಳ ಹಿಂದೆ, ದೊಡ್ಡ ಹಡಗುಗಳು ಮಂಗಳೂರಿನ ಅಳಿವೆ ದಾಟಲಾರದೆ ಹೊರಗಡಲಿನಲ್ಲೇ ಲಂಗರು ಹಾಕಿ ಕಾಯುತ್ತಿದ್ದವು. ಕಾಫಿ ಮೂಟೆಗಳು ದೋಣಿಗಳಲ್ಲಿ ಅವುಗಳ ಬಳಿಗೆ ಹೋಗುತ್ತಿದ್ದವು.

ಲಂಗರು ಹಾಕಿದ ಹಾಯಿಹಡಗಿನಲ್ಲಿ ಹೊತ್ತು ಕಳೆಯುವುದೆಂದರೆ ಸುಮ್ಮನೆ ಮಲಗುವುದಲ್ಲ. ಹರಿದ ಹಾಯಿ ಹೊಲಿಯಬೇಕು, ಸವೆದ ಹಗ್ಗ ಹೆಣೆಯಬೇಕು, ಒಳಗೆ ಸೇರಿದ ನೀರು ಎತ್ತಿ ಚೆಲ್ಲಬೇಕು. ಗಾಳಕ್ಕೆ ಮೀನು ಬಿದ್ದರೆ ಸಾರಿಗಾಯಿತು! ಎಲ್ಲರೂ ಮಲಗಿದರೂ ಒಬ್ಬ ಎಚ್ಚರವಿರಬೇಕು. ದಡದ ಒಂದು ಗುರುತನ್ನೂ ಅದರ ಹಿಂದಿನ ಬೆಟ್ಟದ ತುದಿಯನ್ನೂ ಒಂದೇ ಸಾಲಿಗೆ ಹಿಡಿದು ಅವನು ನೋಡುತ್ತಿರುತ್ತಾನೆ. ಹಡಗು ಗಾಳಿಗೆ ಅತ್ತಿತ್ತ ಹೊರಳುವುದು ಸಹಜ. ಆದರೆ ಆ ಸಾಲು ಮುರಿದು ಗುರುತುಗಳು ದೂರವಾಗುತ್ತಲೇ ಹೋದರೆ ಲಂಗರು ಜಾರುತ್ತಿದೆ ಎಂದರ್ಥ. ಒಳಗೆ ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ.

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯದಲ್ಲಿ ಇಂಥ ಒಂದು ರಾತ್ರಿ ಇದೆ. ಸೆರೆಯಾಳು ಪೌಲರನ್ನು ರೋಮ್‌ಗೆ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಹದಿನಾಲ್ಕನೇ ರಾತ್ರಿ. ಬಂಡೆಗೆ ಬಡಿಯುವ ಭಯದಿಂದ ಹಿಂಬದಿಯಿಂದ ನಾಲ್ಕು ಲಂಗರು ಇಳಿಸಿ, ಬೆಳಗಾಗಲೆಂದು ಕಾದರು. ಹಡಗಿನಲ್ಲಿದ್ದವರು 276 ಮಂದಿ. ಆಗ ನಾವಿಕರು, ಮುಂಬದಿಗೂ ಲಂಗರು ಹಾಕುವ ನೆಪ ಹೇಳಿ, ಮೆಲ್ಲಗೆ ಕಿರುದೋಣಿ ಇಳಿಸತೊಡಗಿದರು. ತಾವಷ್ಟೇ ಪಾರಾಗುವ ಉಪಾಯ! ಪೌಲರು ಅದನ್ನು ಕಂಡು ಹೇಳಿದರು. ಸೈನಿಕರು ದೋಣಿಯ ಹಗ್ಗ ಕತ್ತರಿಸಿದರು.

ಮಳೆಗಾಲದ ನಮ್ಮ ಮನೆಗಳಲ್ಲಿ ಎಷ್ಟು ಕಿರುದೋಣಿಗಳಿವೆ? ಅಪ್ಪ ಟಿವಿಯ ಮುಂದೆ, ಮಗ ಮೊಬೈಲಿನಲ್ಲಿ, ಅಮ್ಮ ಒಬ್ಬಳೇ ಒಲೆಯ ಬಳಿ, ಮಾತಿಗೆ ಜನವಿಲ್ಲದೆ ಅಜ್ಜಿ ಜಗಲಿಯಲ್ಲಿ. ಹೊತ್ತು ಹೋಗುತ್ತದೆ, ನಿಜ. ಆದರೆ ಅಜ್ಜಿ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲವೆಂದು ಯಾರು ಕಂಡರು? ಕರೆಂಟ್ ಹೋದಾಗ ಎಲ್ಲರೂ ಒಂದು ದೀಪದ ಸುತ್ತ ಸೇರುತ್ತೇವೆ. ಆ ಮಟ್ಟಿಗೆ ಕತ್ತಲೆಯೂ ಉಪಕಾರಿ.

ಮಕ್ಕಳನ್ನು ಹಡಗಿನ ಕೆಲಸಕ್ಕೆ ಕಳುಹಿಸಿದ ಮನೆಯವರಿಗೆ ಈ ಕಾಯುವಿಕೆ ಬೇರೆಯೇ. 2020ರ ಕೊರೊನಾ ಕಾಲದಲ್ಲಿ ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ದಡ ಸೇರಲಾಗದೆ ಹಡಗಿನಲ್ಲೇ ಉಳಿದರು. ಜುಲೈ ಎರಡನೇ ಭಾನುವಾರ, ಕಡಲಿನ ಭಾನುವಾರದಂದು, ಅಂಥವರಿಗಾಗಿ ಪ್ರಾರ್ಥಿಸೋಣ. ಅವರ ತಾಯಂದಿರನ್ನು ಮಾತನಾಡಿಸೋಣ.

ದೋಣಿ ಹೋಯಿತು, ಬೆಳಕು ಇನ್ನೂ ಹರಿದಿಲ್ಲ, ದಡ ಯಾವುದೆಂದು ಗೊತ್ತಿಲ್ಲ. ಪೌಲರು ಎಲ್ಲರಿಗೂ ಊಟ ಮಾಡಿರೆಂದು ಬೇಡಿಕೊಂಡರು. ರೊಟ್ಟಿ ತೆಗೆದುಕೊಂಡು, ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು, ತಾವೇ ಮೊದಲು ತಿಂದರು. ಉಳಿದವರಿಗೂ ಧೈರ್ಯ ಬಂತು. ಬೆಳಗಾದ ಮೇಲೆ ಲಂಗರುಗಳನ್ನು ಕಡಿದರು. ಹಡಗು ನೆಲ ಹತ್ತಿ ಒಡೆಯಿತು. ಕೆಲವರು ಈಜಿ, ಕೆಲವರು ಹಲಗೆ ಹಿಡಿದು, 276 ಮಂದಿಯೂ ಮಾಲ್ಟಾ ದ್ವೀಪ ಸೇರಿದರು. ಅಲ್ಲಿಯೂ ಮಳೆ, ಚಳಿ. ದ್ವೀಪದ ಜನ ಬೆಂಕಿ ಹಾಕಿ ಎಲ್ಲರನ್ನೂ ಹತ್ತಿರ ಕರೆದರು.