ಕೆಂಡದ ಮೇಲಿನ ರೊಟ್ಟಿ

ಚಹಾ ಆಯಿತೋ ಇಲ್ಲವೋ? ಆಗಿಲ್ಲದಿದ್ದರೆ ಒಲೆಯ ಮೇಲೆ ಇಟ್ಟೇ ಕೇಳಿ. ಇವತ್ತಿನ ಮಾತಿಗೂ ಒಲೆಗೂ ಸಂಬಂಧವಿದೆ.

ನಾನು ಸಭಾಪಾಲಕನಾದ ಹೊಸದು. ನಮ್ಮ ಸಭೆಯ ಹುಡುಗನೊಬ್ಬ ಕೆಲಸ ಕಳೆದುಕೊಂಡಿದ್ದ, ಮೇಲೆ ಸಾಲ ಬೇರೆ. ಎರಡು ವಾರದಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ ಎಂದು ಸುದ್ದಿ ಬಂತು. ಬೈಬಲ್ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಮಂಚದ ಪಕ್ಕ ಕೂತು ನಂಬಿಕೆ, ತಾಳ್ಮೆ, ಯೋಬನ ಕಷ್ಟ ಎಂದು ಒಂದರ ಹಿಂದೆ ಒಂದು ವಚನ ಹೇಳುತ್ತಲೇ ಇದ್ದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅರ್ಧ ತಾಸಾದ ಮೇಲೆ ಅವನ ಅಜ್ಜಿ ಒಳಗೆ ಬಂದರು. ಕೈಯಲ್ಲಿ ಜೋಳದ ನುಚ್ಚು, ಮಜ್ಜಿಗೆ. "ಅಯ್ಯಾರ, ಸ್ವಲ್ಪ ಸರೀರಿ. ನಿನ್ನೆಯಿಂದ ಅಂವಾ ಏನೂ ತಿಂದಿಲ್ಲ" ಅಂದರು. ನಾನು ಸರಿದೆ. ಅಜ್ಜಿ ಏನೂ ಮಾತಾಡದೆ ಅವನ ಬೆನ್ನ ಮೇಲೆ ಕೈಯಿಟ್ಟರು. ನಾಲ್ಕು ತುತ್ತು ಹೋದ ಮೇಲೆ ಹುಡುಗ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದ.

ಆ ದಿನ ಬಸ್ಸಿನಲ್ಲಿ ಬರುವಾಗ ನನಗೆ ಬೈಬಲಿನ ಪ್ರವಾದಿ ಎಲೀಯನ ಕತೆ ನೆನಪಾಯಿತು. ಓದಿ, ಪರೀಕ್ಷೆ ಬರೆದು, ಒಳ್ಳೆಯ ಅಂಕ ತೆಗೆದಿದ್ದ ಕತೆ. ಅಕ್ಷರ ಬಾರದ ಅಜ್ಜಿ ಅದನ್ನು ಮಾಡಿ ತೋರಿಸಿದ್ದರು.

ಕ್ರಿಸ್ತಪೂರ್ವ 9ನೇ ಶತಮಾನದ ಮಾತು. ಇಸ್ರಾಯೇಲಿನ ಅರಸ ಅಹಾಬ, ರಾಣಿ ಈಜೆಬೆಲ್. ವರ್ಷಗಟ್ಟಲೆ ಮಳೆಯಿಲ್ಲದೆ ನಾಡು ಬೆಂದುಹೋಗಿತ್ತು. ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ 450 ಪ್ರವಾದಿಗಳ ಎದುರು ಎಲೀಯ ಒಬ್ಬನೇ ನಿಂತ. ಅವನು ಬೇಡಿದಾಗ ಮೇಲಿನಿಂದ ಬೆಂಕಿ ಬಿತ್ತು, ಗೆದ್ದ. ಸಂಜೆಗೆ ಮಳೆಯೂ ಬಂತು. ಅರಸನ ರಥದ ಮುಂದೆ ಓಡುತ್ತ ಊರು ಸೇರಿದ. ಅಷ್ಟರಲ್ಲಿ ರಾಣಿಯಿಂದ ಸುದ್ದಿ ಬಂತು: ನಾಳೆ ಇಷ್ಟು ಹೊತ್ತಿಗೆ ನಿನ್ನ ಪ್ರಾಣ ಇರುವುದಿಲ್ಲ ಎಂದು. ಬೆಂಕಿ ಬಿದ್ದದ್ದನ್ನೂ ಮಳೆ ಬಂದದ್ದನ್ನೂ ಕಣ್ಣಾರೆ ಕಂಡವನು ಆ ಒಂದು ಮಾತಿಗೆ ಕುಸಿದ. ಮನಸ್ಸು ಸೋಲುವುದು ಸೋತಾಗ ಮಾತ್ರ ಎಂದು ನಾವು ಅಂದುಕೊಂಡಿರುತ್ತೇವೆ. ಗೆದ್ದು ದಣಿದವನೂ ಹೀಗೆ ಕುಸಿಯುತ್ತಾನೆ.

ಸುಮಾರು 150 ಕಿಲೋಮೀಟರ್ ದಕ್ಷಿಣಕ್ಕೆ, ಬೇರ್ಷೆಬದವರೆಗೆ ಓಡಿಹೋದ. ಜೊತೆಗಿದ್ದ ಆಳನ್ನು ಅಲ್ಲಿಯೇ ಬಿಟ್ಟ. ಈ ಸಣ್ಣ ಸಂಗತಿಯನ್ನು ಗಮನಿಸಿ. ಆಸೆ ಬತ್ತಿದ ಮನುಷ್ಯ ಮೊದಲು ಮಾಡುವ ಕೆಲಸವೇ ಇದು. ಜೊತೆಯವರನ್ನು ಒಬ್ಬೊಬ್ಬರನ್ನಾಗಿ ಹಿಂದೆ ಬಿಡುತ್ತಾನೆ, ಫೋನ್ ಎತ್ತುವುದಿಲ್ಲ, ಮದುವೆ ಮುಂಜಿಗೆ ಹೋಗುವುದಿಲ್ಲ. ಎಲೀಯ ಒಬ್ಬನೇ ಒಂದು ದಿನದ ದಾರಿ ಮರುಭೂಮಿಯೊಳಗೆ ನಡೆದು, ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೊ ಎಂದು ದೇವರನ್ನು ಬೇಡಿಕೊಂಡ.

ಆ ಗಿಡಕ್ಕೆ ಹೀಬ್ರೂ ಭಾಷೆಯಲ್ಲಿ ರೋತೆಮ್ ಎನ್ನುತ್ತಾರೆ. ಹೆಚ್ಚು ಎಲೆಯಿಲ್ಲದ, ಬರೀ ಕಡ್ಡಿ ಕಡ್ಡಿಯಾದ ಮರುಭೂಮಿಯ ಪೊದೆ. ನೆರಳು ಜಾಳುಜಾಳು. ಆದರೆ ಅದರ ಬೇರಿನ ಇದ್ದಲು ಮಾತ್ರ ಗಟ್ಟಿ. ಅದರ ಕೆಂಡ ಬೇಗ ಆರುವುದಿಲ್ಲ ಎಂದು ಹೆಸರು. 120ನೇ ಕೀರ್ತನೆಯಲ್ಲಿ ಆ ಕೆಂಡದ ಮಾತು ಬರುತ್ತದೆ.

ಎಲೀಯ ನಿದ್ದೆ ಹೋದ. ದೇವದೂತ ಬಂದು ಅವನನ್ನು ಮುಟ್ಟಿ ಎಬ್ಬಿಸಿದ. ಎದ್ದು ನೋಡಿದರೆ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಆ ಕೆಂಡ ಅದೇ ಗಿಡದ್ದು ಎಂದು ಬೈಬಲ್ ಹೇಳುವುದಿಲ್ಲ. ಅದು ನನ್ನ ಊಹೆ, ಇರಲಿ. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಬೈಯಲಿಲ್ಲ. ಪ್ರವಾದಿಯಾಗಿ ಹೀಗೆ ಮಾತಾಡಬಹುದೇ ಎಂದು ಕೇಳಲಿಲ್ಲ. ಎರಡನೆಯ ಸಲ ಮುಟ್ಟಿ ಎಬ್ಬಿಸಿ, ಊಟ ಮಾಡು, ನಿನ್ನ ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದ. ದಾರಿ ಸುಲಭ, ಏಳು ಎನ್ನಲಿಲ್ಲ ನೋಡಿ. ಕಷ್ಟ ಇದೆ ಎಂದು ಒಪ್ಪಿಕೊಂಡೇ ರೊಟ್ಟಿ ಕೊಟ್ಟ.

ಪವಿತ್ರ ಗ್ರಂಥದಲ್ಲಿ ಹೀಗೆ ಸಾವು ಬೇಡಿದವನು ಎಲೀಯ ಒಬ್ಬನೇ ಅಲ್ಲ. ಮೋಶೆ ಬೇಡಿದ, ಯೋನ ಬೇಡಿದ. ಯೆರೆಮೀಯನಂತೂ ತಾನು ಹುಟ್ಟಿದ ದಿನವನ್ನೇ ಶಪಿಸಿದ. ಆ ಮಾತುಗಳನ್ನು ಯಾರೂ ಅಳಿಸಿ ಹಾಕಲಿಲ್ಲ. ನಮ್ಮ ಸಭೆಗಳಲ್ಲಿ ಮಾತ್ರ ಮನಸ್ಸು ಕುಗ್ಗಿದವರನ್ನು ಕಂಡರೆ, ನಿಮ್ಮ ವಿಶ್ವಾಸ ಕಡಿಮೆಯಾಗಿದೆ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಲಂಡನ್ನಿನ ಪ್ರಸಿದ್ಧ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ ಅವರಿಗೆ ಆ ಮಾತು ಹೇಳುವ ಧೈರ್ಯ ಯಾರಿಗಿದ್ದೀತು? 1856ರ ಅಕ್ಟೋಬರಿನಲ್ಲಿ ಅವರಿಗೆ 22 ವರ್ಷ. ಅವರು ಬೋಧಿಸುತ್ತಿದ್ದ ಕಿಕ್ಕಿರಿದ ಸಭಾಂಗಣದಲ್ಲಿ ಯಾರೋ ಬೆಂಕಿ ಎಂದು ಸುಳ್ಳು ಕೂಗಿದರು, ಕಾಲ್ತುಳಿತದಲ್ಲಿ ಏಳು ಜನ ಸತ್ತರು. ಆಮೇಲೆ ಖಿನ್ನತೆ ಅವರನ್ನು ಮತ್ತೆ ಮತ್ತೆ ಕಾಡಿತು. ಅದನ್ನು ಅವರು ಮುಚ್ಚಿಡಲಿಲ್ಲ. ಸಭಾಪಾಲಕರಾಗಲು ಬಂದ ವಿದ್ಯಾರ್ಥಿಗಳ ಮುಂದೆ ಅದರ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟರು. ಅದರಲ್ಲಿ ಪ್ರಾರ್ಥನೆಯ ಮಾತಿನ ಜೊತೆಗೆ ಸಮುದ್ರದ ಗಾಳಿ, ಬಯಲಿನ ನಡಿಗೆಯ ಮಾತೂ ಇತ್ತು.

ಎಲೀಯನಿಗೆ ದೂತ ಮಾಡಿದ್ದನ್ನೇ ಯೇಸುಸ್ವಾಮಿಯೂ ಮಾಡಿದರು, ಬೈಯದೆ ಮೊದಲು ಊಟ ಕೊಟ್ಟರು. ಪೇತ್ರ ತನ್ನ ಗುರುವನ್ನು ಮೂರು ಸಲ ಅರಿಯೆನೆಂದದ್ದು ಮಹಾಯಾಜಕನ ಅಂಗಳದಲ್ಲಿ, ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತ. ಪುನರುತ್ಥಾನದ ನಂತರ ಒಂದು ಬೆಳಗ್ಗೆ, ಸುಮಾರು ಇದೇ ಹೊತ್ತು ಅಂದುಕೊಳ್ಳಿ, ರಾತ್ರಿಯೆಲ್ಲ ಬಲೆ ಹಾಕಿಯೂ ಒಂದು ಮೀನೂ ಸಿಗದೆ ಪೇತ್ರ ದೋಣಿಯಲ್ಲಿದ್ದ. ಯೇಸು ದಡದಲ್ಲಿ ನಿಂತಿದ್ದರು. ಅಲ್ಲಿಯೂ ಇದ್ದಲ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಇದ್ದಲ ಬೆಂಕಿಗೆ ಯೋಹಾನ ಬಳಸುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಇದೆ. ಪೇತ್ರನ ಮೂಗಿಗೆ ಆ ಹೊಗೆಯ ವಾಸನೆ ಬಡಿದಾಗ ಎದೆ ಧಸಕ್ಕೆಂದಿರಬೇಕು. ಯೇಸು ಲೆಕ್ಕ ಕೇಳಲಿಲ್ಲ, ಊಟಕ್ಕೆ ಕರೆದರು. ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಬಂದದ್ದು ಎಲ್ಲರ ಊಟ ಮುಗಿದ ಮೇಲೆ.

ನಮ್ಮ ಹಳ್ಳಿಗಳಿಗೆ ಇದು ಹೊಸದೇನಲ್ಲ. ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಬೀಗರು, ಓಣಿಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಎರಡು ತುತ್ತು ಉಣ್ಣು ಎಂದು ಒತ್ತಾಯ ಮಾಡುತ್ತಾರೆ. ಆದರೆ ಕೆಲಸ ಹೋದ ಮನೆಗೆ, ಪರೀಕ್ಷೆಯಲ್ಲಿ ಬಿದ್ದ ಹುಡುಗಿಯ ಮನೆಗೆ, ಬೆಳೆ ಒಣಗಿದವನ ಮನೆಗೆ ಬುತ್ತಿ ಹೋಗುವುದಿಲ್ಲ. ಅಲ್ಲಿಗೆ ಬುದ್ಧಿಮಾತು ಹೋಗುತ್ತದೆ. ನನ್ನ ಕೈಯಿಂದಲೂ ಹೋಗಿದೆ, ಹೇಳಿದೆನಲ್ಲ.

ಎಲೀಯನ ಕತೆಗೆ ಬರೋಣ. ಆ ಊಟದ ಬಲದಿಂದ 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ. ಅಲ್ಲಿ ದೇವರು, ಇಲ್ಲಿ ಏಕಿದ್ದೀಯೆ ಎಂದು ಕೇಳಿದರು. ತಾನೊಬ್ಬನೇ ಉಳಿದೆ, ತನ್ನನ್ನೂ ಕೊಲ್ಲಲು ಹುಡುಕುತ್ತಿದ್ದಾರೆ ಎಂದು ಎಲೀಯ ತೋಡಿಕೊಂಡ. ಬಿರುಗಾಳಿ ಬೀಸಿತು, ಭೂಮಿ ನಡುಗಿತು, ಬೆಂಕಿ ಬಂತು. ದೇವರು ಅವುಗಳಲ್ಲಿ ಇರಲಿಲ್ಲ. ಆಮೇಲೆ ಒಂದು ಮೆಲ್ಲನೆಯ ದನಿ, ಮತ್ತೆ ಅದೇ ಪ್ರಶ್ನೆ. ಎಲೀಯನದು ಮತ್ತೆ ಅದೇ ಉತ್ತರ, ಮೊದಲಿನ ಹಾಗೆಯೇ. ಅಷ್ಟೆಲ್ಲ ನೋಡಿದರೂ ಅವನ ಅಳಲು ಒಂದು ಚೂರೂ ಕರಗಿರಲಿಲ್ಲ. ಆಗಲೇ ಹೇಳಿದ್ದೀಯಲ್ಲ ಎಂದು ದೇವರು ಅನ್ನಲಿಲ್ಲ, ಎರಡನೆಯ ಸಲವೂ ಪೂರ್ತಿ ಕೇಳಿದರು. ಒಂದೇ ದೂರನ್ನು ಹತ್ತು ಸಲ ಹೇಳುವ ಗೆಳೆಯ ನಿಮಗಿದ್ದರೆ ಈ ಭಾಗ ನೆನಪಿಟ್ಟುಕೊಳ್ಳಿ.

ಆ ಗೆಳೆಯ ನೀವೇ ಆಗಿದ್ದರೆ, ಈ ಬೆಳಗ್ಗೆ ನಿಮಗೂ ಸಾಕಾಗಿಹೋಗಿದ್ದರೆ, ಮನೆಯವರಲ್ಲಿ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ಹೇಳಲು ಯಾರೂ ಇಲ್ಲ ಎನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಮಾತ್ರೆ ಬರೆದರೆ ತೆಗೆದುಕೊಳ್ಳಿ. ಅದೂ ಕೆಂಡದ ಮೇಲಿನ ರೊಟ್ಟಿಯೇ.

ನೀನೊಬ್ಬನೇ ಅಲ್ಲ, ಇನ್ನೂ 7,000 ಜನ ಇದ್ದಾರೆ ಎಂದು ದೇವರು ಎಲೀಯನಿಗೆ ತಿಳಿಸಿದರು. ಹಜಾಯೇಲ, ಯೇಹು, ಎಲೀಷ ಈ ಮೂವರನ್ನು ಅಭಿಷೇಕಿಸು ಎಂದು ಕೆಲಸವನ್ನೂ ಕೊಟ್ಟರು. ಹಜಾಯೇಲನ ಬಳಿಗೂ ಯೇಹುವಿನ ಬಳಿಗೂ ಎಲೀಯ ಹೋದನೆಂದು ಎಲ್ಲೂ ಬರೆದಿಲ್ಲ. ಅವೆರಡು ಮುಂದೆ ಎಲೀಷನ ಕಾಲಕ್ಕೆ ನೆರವೇರಿದವು. ಆ ಎಲೀಷನನ್ನು ಮಾತ್ರ ಅವನು ಹುಡುಕಿಕೊಂಡು ಹೋದ. ಹೊಲದಲ್ಲಿ ಹನ್ನೆರಡು ಜೋಡಿ ಎತ್ತು ಉಳುತ್ತಿದ್ದವು, ಹನ್ನೆರಡನೆಯದರ ಹಿಂದೆ ಎಲೀಷ. ಎಲೀಯ ಹತ್ತಿರ ಹೋಗಿ ತನ್ನ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದ. ಎಲೀಷ ನೊಗ, ನೇಗಿಲನ್ನೇ ಸೌದೆ ಮಾಡಿ, ಒಂದು ಜೋಡಿ ಎತ್ತನ್ನು ಕೊಯ್ದು ಬೇಯಿಸಿ, ಜನರಿಗೆಲ್ಲ ಊಟ ಹಾಕಿ ಹೊರಟ. ಆ ಪಂಕ್ತಿಯಲ್ಲಿ ಎಲೀಯನೂ ಕೂತನೋ ಇಲ್ಲವೋ ಬೈಬಲ್ ಹೇಳುವುದಿಲ್ಲ. ಕೂತಿರಬೇಕು. ದೂರದಿಂದ ನಡೆದು ಬಂದವನು, ಹಸಿದಿರಲೇಬೇಕಲ್ಲ.